ಜಕಣಾಚಾರಿ ಒಂದೇ ರಾತ್ರಿಯಲ್ಲಿ ಕಟ್ಟಿದ ಗುಡಿ: ಸ್ಥಳಪುರಾಣದಲ್ಲಿ ಏನು ಬರೆಯಬೇಕು?

ಓದುಗರ ಪ್ರಶ್ನೆ

ನಮಸ್ಕಾರ ಸರ್. ನಮ್ಮೂರು ಕೊಪ್ಪಳ ಜಿಲ್ಲೆಯ ಯಲಬುರ್ಗಾ ಸೀಮೆಯಲ್ಲಿದೆ. ಊರಾಚೆ ಕೆರೆ ದಂಡೆಯಲ್ಲಿ ಒಂದು ಹಳೇ ಕಲ್ಲಿನ ಗುಡಿ ಇದೆ. ನಾವು ಕಲ್ಲೇಶ್ವರ ಅನ್ನುತ್ತೇವೆ. ಜಕಣಾಚಾರಿ ಅದನ್ನು ಒಂದೇ ರಾತ್ರಿಯಲ್ಲಿ ಕಟ್ಟುತ್ತಿದ್ದ, ಅಷ್ಟರಲ್ಲಿ ಕೋಳಿ ಕೂಗಿತು, ಅದಕ್ಕೇ ಶಿಖರ ಅರ್ಧಕ್ಕೆ ನಿಂತಿತು ಅಂತ ನಮ್ಮ ಅಜ್ಜಿ ಹೇಳುತ್ತಾಳೆ. ಒಳಗೆ ಒಂದೇ ಕಲ್ಲಿನಲ್ಲಿ ಏಳು ಹೆಣ್ಣುದೇವರು ಕೂತಿವೆ. ಬರಗಾಲದಲ್ಲಿ ಕೆರೆಗೆ ಪ್ರಾಣ ಕೊಟ್ಟ ಏಳು ಅಕ್ಕತಂಗಿಯರು ಅವರು ಅನ್ನುವುದು ಊರಿನ ನಂಬಿಕೆ. ಕಳೆದ ಜಾತ್ರೆಗೆ ಬಂದಿದ್ದ ಒಬ್ಬರು ಬಾಗಿಲ ಮೇಲಿನ ಗಜಲಕ್ಷ್ಮಿ ನೋಡಿ ‘ಇದು ಮೊದಲು ಲಕ್ಷ್ಮಿ ಗುಡಿ’ ಅಂದರು. ವಾಟ್ಸಾಪ್ ಗುಂಪಿನಲ್ಲಿ ಇನ್ನೊಬ್ಬರು ‘ಇದು ಜೈನ ಬಸದಿ’ ಅಂತ ಹಾಕಿದರು, ದೊಡ್ಡ ಜಗಳವೇ ಆಯಿತು. ಬಾಗಿಲ ಪಕ್ಕದ ಶಾಸನದಲ್ಲಿ ‘ನಿಧಿ’ ಅಂತ ಬರೆದಿದೆಯಂತೆ. ಹೋದ ಅಮಾವಾಸ್ಯೆ ರಾತ್ರಿ ಯಾರೋ ನಂದಿಯ ಪಕ್ಕ ಅಗೆದು ಹೋಗಿದ್ದಾರೆ. ಈಗ ಕಮಿಟಿಯವರು ಸ್ಥಳಪುರಾಣದ ಪುಸ್ತಕ ಮಾಡಿಸಬೇಕು, ಅದನ್ನು ಗ್ರಾನೈಟಿನಲ್ಲಿ ಕೊರೆಸಿ ನಿಲ್ಲಿಸಬೇಕು, ಮುಂದಿನ ಜಾತ್ರೆಯೊಳಗೆ ಗುಡಿಗೆ ಬಣ್ಣ ಹೊಡೆಸಬೇಕು ಅಂತ ತೀರ್ಮಾನ ಮಾಡಿದ್ದಾರೆ. ನಾನು ಶಾಲೆಯಲ್ಲಿ ಪಾಠ ಮಾಡುವವಳು. ಅದಕ್ಕೆ ಬರೆಯುವ ಕೆಲಸ ನನಗೆ ಬಂದಿದೆ. ಸುಳ್ಳು ಬರೆಯಲು ಮನಸ್ಸಿಲ್ಲ. ಅಜ್ಜಿಯ ಕಥೆ ಬಿಡಲೂ ಮನಸ್ಸಿಲ್ಲ. ಏನು ಮಾಡಲಿ?

ಉತ್ತರ

ತಂಗಿ, ನಿಮ್ಮ ಪತ್ರ ಮತ್ತು ಫೋಟೋಗಳನ್ನು ಎರಡು ದಿನ ಇಟ್ಟುಕೊಂಡು ನಿಧಾನವಾಗಿ ನೋಡಿದೆ. ನಿಮ್ಮ ಚಿಂತೆ ನನಗೆ ಅರ್ಥವಾದದ್ದು ಹೀಗೆ. ಅಜ್ಜಿಯ ಕಥೆ ಬರೆದರೆ ಓದಿದವರು ನಕ್ಕಾರು. ಬಿಟ್ಟರೆ ಊರವರಿಗೆ ಬೇಜಾರು. ಹೊರಗಿನವರ ಮಾತು ನಂಬಿದರೆ ಇಷ್ಟು ತಲೆಮಾರು ಕೈಮುಗಿದ ದೇವರೇ ಬೇರೆ ಆಗಿಬಿಡುತ್ತಾನೆ. ಅಲ್ವಾ?

ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಹಳ್ಳಿಗಳಲ್ಲಿ ಶಾಸನ ಓದುತ್ತ ತಿರುಗಿದ್ದೇನೆ. ಇದೇ ಪ್ರಶ್ನೆ ಎಷ್ಟೋ ಊರಿನ ಕಟ್ಟೆಯ ಮೇಲೆ ಎದುರಾಗಿದೆ. ನಾನು ಹೇಳುವುದು ಇಷ್ಟು: ಕಥೆಯನ್ನು ಕಥೆಯಾಗಿ ಬರೆಯಿರಿ, ಶಾಸನವನ್ನು ಶಾಸನವಾಗಿ ಬರೆಯಿರಿ. ಒಂದರ ಬಾಯಲ್ಲಿ ಇನ್ನೊಂದರ ಮಾತು ಹಾಕಬೇಡಿ. ಎರಡೂ ನಿಮ್ಮ ಊರಿನ ಆಸ್ತಿ.

ಮೊದಲು ಜಕಣಾಚಾರಿ. ನಮ್ಮ ಸೀಮೆಯಲ್ಲಿ ಕುಸುರಿ ಕೆಲಸದ ಹಳೇ ಗುಡಿ ಕಂಡರೆ ಸಾಕು, ಅವನ ಹೆಸರು ಬರುತ್ತದೆ. ವರ್ಷ ಲೆಕ್ಕ ಹಾಕಿ ನೋಡಿ. ಕುಕನೂರಿನ ನವಲಿಂಗ ಗುಡಿ ರಾಷ್ಟ್ರಕೂಟರ ಕಾಲದ್ದು, 9ನೇ ಶತಮಾನ. ಅಲ್ಲಿಂದ ಹತ್ತಿರದಲ್ಲೇ ಇರುವ ಇಟಗಿಯ ಮಹಾದೇವ ಗುಡಿ 1112ರದ್ದು. ಬೇಲೂರಿನ ಚೆನ್ನಕೇಶವ ಗುಡಿ 1117ರದ್ದು. ಎಲ್ಲವನ್ನೂ ಒಬ್ಬನೇ ಕಟ್ಟಬೇಕಾದರೆ ಅವನು ಇನ್ನೂರು ವರ್ಷಕ್ಕಿಂತ ಹೆಚ್ಚು ಬದುಕಿರಬೇಕು. ಬೇಲೂರಿನಲ್ಲಿ ಶಿಲ್ಪಿಗಳು ತಮ್ಮ ಕೆಲಸದ ಕೆಳಗೆ ಹೆಸರು ಕೊರೆದಿದ್ದಾರೆ. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ ಅಂಥವರ ಹೆಸರು ಅಲ್ಲಿವೆ. ಜಕಣಾಚಾರಿಯ ಹೆಸರಿಲ್ಲ.

ಹಾಗಾದರೆ ಅಜ್ಜಿ ಸುಳ್ಳು ಹೇಳಿದಳಾ? ಇಲ್ಲ. ಮಹಾರಾಷ್ಟ್ರಕ್ಕೆ ಹೋದರೆ ಇಂಥ ಗುಡಿಗಳಿಗೆ ‘ಹೇಮಾಡಪಂತಿ’ ಅನ್ನುತ್ತಾರೆ. ಹೇಮಾಡಪಂತ ದೇವಗಿರಿಯ ಯಾದವರ ಮಂತ್ರಿ, 13ನೇ ಶತಮಾನದವನು. ಅವನಿಗಿಂತ ಹಿಂದೆ ಕಟ್ಟಿದ ಗುಡಿಗಳಿಗೂ ಜನ ಅವನ ಹೆಸರನ್ನೇ ಇಟ್ಟಿದ್ದಾರೆ. ನಮ್ಮಲ್ಲಿ ಜಕಣಾಚಾರಿಯದೂ ಹೀಗೇ ಆಗಿದೆ. ಅದು ಒಂದು ಬಗೆಯ ಕೆಲಸಕ್ಕೆ ಜನ ಕೊಟ್ಟ ಹೆಸರು. ‘ಇದು ಮಾಮೂಲಿ ಕೈಯಿಂದ ಆಗುವ ಕೆಲಸ ಅಲ್ಲ’ ಅನ್ನುವುದನ್ನು ಅಜ್ಜಿ ಒಂದು ಹೆಸರಿನಲ್ಲಿ ಹೇಳುತ್ತಿದ್ದಾಳೆ. ಆ ಮಾತು ನಿಜ.

ಕೋಳಿ ಕೂಗಿದ ಕಥೆ ಹುಟ್ಟಿದ್ದು ಶಿಖರ ಇಲ್ಲದ್ದರಿಂದ. ಕಣ್ಣೆದುರು ಒಂದು ಕೊರತೆ ಇದ್ದಾಗ ಜನ ಅದಕ್ಕೊಂದು ಕಾರಣ ಹುಡುಕುತ್ತಾರೆ. ಹೀಗೆ ‘ಒಂದೇ ರಾತ್ರಿ’ಯಲ್ಲಿ ಎದ್ದ ಗುಡಿಗಳು ನಮ್ಮ ನಾಡಿನಲ್ಲಿ ಬೇಕಾದಷ್ಟಿವೆ. ಅಲ್ಲಿ ಕಟ್ಟುವವರು ಒಂದು ಕಡೆ ಪಾಂಡವರು, ಇನ್ನೊಂದು ಕಡೆ ಭೂತಗಳು, ನಿಮ್ಮಲ್ಲಿ ಜಕಣಾಚಾರಿ. ಆದರೆ ನಿಮ್ಮ ಶಿಖರ ಅರ್ಧಕ್ಕೆ ನಿಂತದ್ದಲ್ಲ, ಬಿದ್ದದ್ದು ಅಂತ ನನಗೆ ಅನಿಸುತ್ತದೆ. ಗುಡಿಯ ಹಿಂದಿನ ಹೊಲದ ಬದುವಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೆತ್ತಿದ ಒಂದು ಕಲ್ಲು ನಿಮ್ಮ ಫೋಟೋದಲ್ಲಿ ಕಾಣುತ್ತಿದೆ. ಅದು ಶಿಖರದ ತುಂಡಿನ ಹಾಗಿದೆ. ಕೆರೆ ಏರಿಯಲ್ಲೂ ಹುಡುಕಿ, ಇನ್ನೂ ಸಿಗಬಹುದು. ಇಟಗಿಯ ಶಿಖರದ ತುದಿಯೂ ಈಗ ಇಲ್ಲ.

ಇಟಗಿಯ ಮಾತು ಬಂದದ್ದಕ್ಕೆ ಸ್ವಲ್ಪ ನಿಂತು ಹೇಳುತ್ತೇನೆ. ಒಂದು ಗುಡಿಯ ಹುಟ್ಟು ಎಷ್ಟು ಚೆನ್ನಾಗಿ ಗೊತ್ತಾಗಬಹುದು ಅನ್ನುವುದಕ್ಕೆ ನಿಮ್ಮ ಪಕ್ಕದಲ್ಲೇ ಇರುವ ಸಾಕ್ಷಿ ಅದು. ಕಟ್ಟಿಸಿದವನು ಮಹಾದೇವ ಅನ್ನುವ ದಂಡನಾಯಕ, ಕಲ್ಯಾಣದ ಚಾಲುಕ್ಯ ಅರಸ ಆರನೇ ವಿಕ್ರಮಾದಿತ್ಯನ ಸೇನಾಪತಿ. ಅಲ್ಲಿನ ಶಾಸನ ಆ ಗುಡಿಯನ್ನು ‘ದೇವಾಲಯ ಚಕ್ರವರ್ತಿ’ ಅಂತ ಕರೆದಿದೆ. ಮುಂದಿನ ತೆರೆದ ಮಂಟಪಕ್ಕೆ ಮೊದಲು 68 ಕಂಬಗಳಿದ್ದವು. ಸುತ್ತ ಸಣ್ಣ ಸಣ್ಣ ಗುಡಿಗಳು, ಪಕ್ಕದಲ್ಲಿ ಪುಷ್ಕರಣಿ. ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಬೇರೆ ವಿಷಯ. ಆ ಮಹಾದೇವ ತನ್ನ ತಂದೆಯ ನೆನಪಿಗೆ ಅಲ್ಲೇ ಮೂರ್ತಿನಾರಾಯಣನ ಗುಡಿ ಕಟ್ಟಿಸಿದ. ತಾಯಿಯ ನೆನಪಿಗೆ ಇನ್ನೊಂದು ಗುಡಿ. ಒಂದೇ ಅಂಗಳದಲ್ಲಿ ಶಿವ, ನಾರಾಯಣ, ಅಪ್ಪ, ಅವ್ವ ಎಲ್ಲರೂ ಇದ್ದಾರೆ. ಶಿವನ ಗುಡಿಯೋ ವಿಷ್ಣುವಿನ ಗುಡಿಯೋ ಅಂತ ಜಗಳ ಆಡುವವರನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ.

ಈಗ ನಿಮ್ಮ ಗುಡಿಯ ದೇವರ ಪ್ರಶ್ನೆ. ಬಾಗಿಲ ಮೇಲ್ಗಡೆ ನಡುವೆ ಇರುವ ಮೂರ್ತಿಗೆ ಲಲಾಟಬಿಂಬ ಅನ್ನುತ್ತಾರೆ. ಒಳಗಿನ ದೇವರನ್ನೇ ಅಲ್ಲಿ ಕೆತ್ತಿರುತ್ತಾರೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ಕೆಲವು ಕಡೆ ಹಾಗಿರುವುದೂ ನಿಜ. ಆದರೆ ಗಜಲಕ್ಷ್ಮಿಯ ವಿಷಯದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಎರಡು ಆನೆ ಎರಡು ಕಡೆಯಿಂದ ನೀರು ಎರೆಯುವ ಲಕ್ಷ್ಮಿ ಮಂಗಳದ ಗುರುತು. ಶಿವನ ಗುಡಿ, ವಿಷ್ಣುವಿನ ಗುಡಿ, ಬಸದಿ ಮೂರರ ಬಾಗಿಲ ಮೇಲೂ ಅವಳು ಕೂರುತ್ತಾಳೆ. ನಮ್ಮ ಮನೆಗಳಲ್ಲಿ ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚುವುದಿಲ್ಲವೇ, ಹಾಗೆ. ಅದನ್ನು ನೋಡಿ ಒಳಗಿನ ದೇವರು ಯಾರು ಅಂತ ಹೇಳಲು ಬರುವುದಿಲ್ಲ.

ಹೇಳಲು ಬರುವುದು ಬೇರೆ ಗುರುತುಗಳಿಂದ. ಬಾಗಿಲ ಬುಡದಲ್ಲಿ ನಿಂತ ದ್ವಾರಪಾಲಕರ ಕೈ ನೋಡಿ. ತ್ರಿಶೂಲ, ಡಮರು ಇದ್ದರೆ ಶಿವನ ಕಡೆಯವರು, ಶಂಖ ಚಕ್ರ ಇದ್ದರೆ ವಿಷ್ಣುವಿನ ಕಡೆಯವರು. ಬಸದಿಯಾಗಿದ್ದರೆ ಬಾಗಿಲ ಮೇಲೆ ಕೂತ ಜಿನಮೂರ್ತಿ, ತಲೆಯ ಮೇಲೆ ಮುಕ್ಕೊಡೆ (ಒಂದರ ಮೇಲೊಂದು ಮೂರು ಕೊಡೆ), ಒಳಗೆ ಸಿಂಹಗಳನ್ನು ಕೆತ್ತಿದ ಪೀಠ, ಇವುಗಳಲ್ಲಿ ಏನಾದರೂ ಉಳಿದಿರಬೇಕು. ನಿಮ್ಮ ಫೋಟೋಗಳಲ್ಲಿ ಇವು ಯಾವುವೂ ಇಲ್ಲ. ದ್ವಾರಪಾಲಕರ ಕೈಯಲ್ಲಿ ತ್ರಿಶೂಲ ಇದೆ.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಶಾಸನದ ಮೊದಲ ಸಾಲು. ಶಿವನ ಗುಡಿಗಳ ಶಾಸನ ಸಾಮಾನ್ಯವಾಗಿ ‘ನಮಸ್ತುಂಗ ಶಿರಶ್ಚುಂಬಿ ಚಂದ್ರಚಾಮರ ಚಾರವೇ’ ಅಂತ ಶುರುವಾಗುತ್ತದೆ. ಜೈನ ಶಾಸನ ‘ಶ್ರೀಮತ್ಪರಮಗಂಭೀರ ಸ್ಯಾದ್ವಾದಾಮೋಘಲಾಂಛನಂ’ ಅಂತ ಶುರುವಾಗುತ್ತದೆ. ವಿಷ್ಣುವಿನ ವರಾಹ ರೂಪವನ್ನು ಹೊಗಳುವ ‘ಜಯತ್ಯಾವಿಷ್ಕೃತಂ ವಿಷ್ಣೋಃ’ ಅನ್ನುವ ಶ್ಲೋಕವೂ ಚಾಲುಕ್ಯರ ಶಾಸನಗಳಲ್ಲಿ ಬರುತ್ತದೆ. ನಿಮ್ಮ ಕಲ್ಲಿನ ಮೇಲ್ಭಾಗದ ಫೋಟೋ ದೊಡ್ಡದು ಮಾಡಿ ನೋಡಿದೆ. ಸುಣ್ಣದ ನಡುವೆ ‘ನಮಸ್ತುಂಗ’ ಅನ್ನುವುದು ಸ್ಪಷ್ಟವಾಗಿ ಕಾಣುತ್ತದೆ. ಆದ್ದರಿಂದ ಈ ಶಾಸನ ಹಾಕಿಸಿದ ದಿನ ಇಲ್ಲಿ ಶಿವನೇ ಇದ್ದ. ಇದನ್ನು ನೀವು ಧೈರ್ಯವಾಗಿ ಬರೆಯಬಹುದು.

ಬಸದಿ ಅಂದವರ ಮೇಲೆ ಸಿಟ್ಟಾಗಬೇಡಿ. ಅವರು ಸುಮ್ನೆ ಹುಟ್ಟಿಸಿದ ಮಾತಲ್ಲ ಅದು. ನಮ್ಮ ಕೊಪ್ಪಳ ‘ಕೊಪಣ’ ಅನ್ನುವ ಹೆಸರಿನಲ್ಲಿ ಜೈನರಿಗೆ ದೊಡ್ಡ ತೀರ್ಥವಾಗಿತ್ತು. ಈ ಸೀಮೆಯಲ್ಲಿ ಬಸದಿಗಳು ಎಷ್ಟೋ ಇದ್ದವು. ದೇವರು ಬದಲಾದ ಗುಡಿಗಳೂ ಇವೆ. ಕುಕನೂರಿನ ನವಲಿಂಗದ ಒಂಬತ್ತು ಗರ್ಭಗುಡಿಗಳಲ್ಲಿ ಇವತ್ತು ಲಿಂಗಗಳಿವೆ. ಆದರೆ ಮೊದಲು ಅವು ದೇವಿಯರಿಗಾಗಿ ಕಟ್ಟಿದ ಗುಡಿಗಳು ಅನ್ನುವುದು ವಿದ್ವಾಂಸರ ಅಭಿಪ್ರಾಯ. ಬಾಗಿಲ ಮೇಲಿನ ತೋರಣಗಳಲ್ಲಿ ಸರಸ್ವತಿ, ಗಂಗೆಯರು ಈಗಲೂ ಇದ್ದಾರೆ. ಪಕ್ಕದಲ್ಲೇ ಮಹಾಮಾಯೆಯ ಗುಡಿ. ಅಲ್ಲಿ ಪೂಜೆ ಮಾಡುವವರಿಗೆ ಇದರಿಂದ ಏನೂ ಕಡಿಮೆ ಆಗಿಲ್ಲ. ನಾಳೆ ನಿಮ್ಮ ಗುಡಿಯ ಅಡಿಪಾಯದಲ್ಲಿ ಒಂದು ಮುಕ್ಕೊಡೆಯ ಕಲ್ಲು ಸಿಕ್ಕರೂ ಅಡಗಿಸಬೇಡಿ. ಅದನ್ನೂ ಪುಸ್ತಕದಲ್ಲಿ ಸೇರಿಸಿ.

ಕಾಲದ ಬಗ್ಗೆ ಒಂದು ಎಚ್ಚರಿಕೆ. ಶಾಸನದಲ್ಲಿ ‘ತ್ರಿಭುವನಮಲ್ಲ’ ಅಂತ ಓದಲು ಬರುತ್ತದೆ. ಅದು ಆರನೇ ವಿಕ್ರಮಾದಿತ್ಯನ ಬಿರುದು. ಅವನು ಆಳಿದ್ದು 1076ರಿಂದ 1126ರ ತನಕ. ಆದರೆ ಅದೇ ಬಿರುದು ಬೇರೆ ಅರಸರಿಗೂ ಇತ್ತು. ಅಕ್ಷರದ ರೂಪ ನೋಡಿದರೆ ಇವನೇ ಅನಿಸುತ್ತದೆ, ಆದರೂ ವರ್ಷ ಸಿಗುವ ತನಕ ‘11ನೇ ಶತಮಾನದ ಕೊನೆ ಅಥವಾ 12ನೇ ಶತಮಾನದ ಮೊದಲ ಭಾಗ’ ಅಂತಷ್ಟೇ ಬರೆಯಿರಿ. ವರ್ಷ ಸಿಕ್ಕಾಗ ಲೆಕ್ಕ ಸುಲಭ. ಶಕವರ್ಷ ಇದ್ದರೆ 78 ಸೇರಿಸಿ. ‘ಚಾಲುಕ್ಯ ವಿಕ್ರಮ ವರ್ಷ’ ಅಂತ ಇದ್ದರೆ 1075 ಸೇರಿಸಿ. ಆ ಅರಸ ತನ್ನದೇ ಶಕೆ ಶುರು ಮಾಡಿದ್ದ. ಇನ್ನೂ ಒಂದು ಮಾತು. ಶಾಸನದ ವರ್ಷವೇ ಗುಡಿ ಕಟ್ಟಿದ ವರ್ಷ ಅಂತ ಬರೆದುಬಿಡಬೇಡಿ. ಮೊದಲೇ ಇದ್ದ ಗುಡಿಗೆ ದೀಪದ ಎಣ್ಣೆಗೋ ನೈವೇದ್ಯಕ್ಕೋ ಹೊಲ ಬಿಟ್ಟ ವರ್ಷ ಅದಾಗಿರಬಹುದು. ‘ಮಾಡಿಸಿದಂ’ ಅಂತ ಇದೆಯೋ, ‘ಬಿಟ್ಟ ದತ್ತಿ’ ಅಂತ ಇದೆಯೋ, ಅದರ ಮೇಲೆ ಎಲ್ಲ ನಿಂತಿದೆ.

ಏಳು ಅಕ್ಕತಂಗಿಯರ ಕಲ್ಲು ಸಪ್ತಮಾತೃಕೆಯರದು. ಇದರಲ್ಲಿ ನನಗೆ ಅನುಮಾನ ಇಲ್ಲ. ಬ್ರಾಹ್ಮಿ, ಮಾಹೇಶ್ವರಿ, ಕೌಮಾರಿ, ವೈಷ್ಣವಿ, ವಾರಾಹಿ, ಇಂದ್ರಾಣಿ, ಚಾಮುಂಡಿ. ಎರಡು ತುದಿಯಲ್ಲಿ ವೀರಭದ್ರ ಮತ್ತು ಗಣಪತಿ ಇರುತ್ತಾರೆ. ನಿಮ್ಮ ಕಲ್ಲಿನ ಎಡತುದಿ ಒಡೆದಿದೆ, ಬಲತುದಿಯಲ್ಲಿ ಗಣಪತಿಯ ಹೊಟ್ಟೆ ಕಾಣುತ್ತದೆ. ಪೀಠದ ಕೆಳಗೆ ಒದ್ದೆ ಬಟ್ಟೆಯಿಂದ ಮೆತ್ತಗೆ ಒರೆಸಿ ನೋಡಿ. ಹಂಸ, ನಂದಿ, ನವಿಲು, ಗರುಡ, ಆನೆ ಹೀಗೆ ಒಬ್ಬೊಬ್ಬಳ ವಾಹನ ಸಣ್ಣದಾಗಿ ಇರುತ್ತದೆ. ಚಾಲುಕ್ಯರ ಕಾಲದ ಶಿವನ ಗುಡಿಗಳಲ್ಲಿ ಇಂಥ ಕಲ್ಲು ಮೇಲಿಂದ ಮೇಲೆ ಸಿಗುತ್ತದೆ.

ಆದರೆ ಇಲ್ಲೇ ನೀವು ಹುಷಾರಾಗಿರಬೇಕು. ‘ಇವರು ಸಪ್ತಮಾತೃಕೆಯರು, ಆದ್ದರಿಂದ ಅಕ್ಕತಂಗಿಯರ ಕಥೆ ಸುಳ್ಳು’ ಅಂತ ಬರೆದು ಮುಗಿಸಬೇಡಿ. ನಾನು ಒಮ್ಮೆ ಹಾಗೆ ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸತು. ರಾಯಚೂರು ಜಿಲ್ಲೆಯ ಒಂದು ಊರಲ್ಲಿ ಹಿರಿಯ ತಾಯಿಯೊಬ್ಬರು ಹೀಗೇ ಒಂದು ಕಲ್ಲಿನ ಕಥೆ ಹೇಳುತ್ತಿದ್ದರು. ದೇವರು ಮೊದಲು ಹಾಳೂರಿನಲ್ಲಿ ಇತ್ತು, ಕಾಲರಾ ಬಂದು ಊರು ಬಿಟ್ಟಾಗ ಬಂಡಿಯಲ್ಲಿ ಇಲ್ಲಿಗೆ ತಂದರು ಅಂತ. ನಾನು ನಡುವೆ ಬಾಯಿ ಹಾಕಿ ‘ಅಮ್ಮಾ, ಇದು ಹಾಗಲ್ಲ, ಇದು ಇಂಥ ದೇವರು’ ಅಂತ ಪುಸ್ತಕದ ಮಾತು ಹೇಳಿದೆ. ಅವರು ಸೆರಗು ಸರಿಮಾಡಿಕೊಂಡು ‘ನೀವು ಓದಿದವರು, ನಿಮಗೇ ಗೊತ್ತು’ ಅಂತ ಎದ್ದು ಹೋದರು. ಮುಂದೆ ವರ್ಷಗಳ ನಂತರ ಆ ಊರಿನ ಹತ್ತಿರ ಹೊಲ ಊಳುವಾಗ ಹಳೇ ಗುಡಿಯ ಬುನಾದಿ ಬಂತು ಅಂತ ಸುದ್ದಿ ತಿಳಿಯಿತು. ಅದು ಅವರು ಹೇಳಿದ ಹಾಳೂರೇ ಇರಬೇಕು. ಕೇಳೋಣ ಅಂದರೆ ಅವರು ತೀರಿಹೋಗಿದ್ದರು. ಆ ಕಥೆಯ ಉಳಿದ ಅರ್ಧ ಅವರ ಜೊತೆಗೇ ಹೋಯಿತು. ಅದರ ನೋವು ನನಗೆ ಇನ್ನೂ ಇದೆ.

ಕಥೆಗಳಲ್ಲಿ ದೇವರ ಹೆಸರು ಬದಲಾಗಿರಬಹುದು. ಆದರೆ ದಾರಿ, ನೀರು, ಬರ, ಊರು ಬಿಟ್ಟದ್ದು, ಯಾರ ಸಂಬಂಧ ಯಾರ ಜೊತೆ, ಇಂಥ ನೆನಪು ಅವುಗಳಲ್ಲಿ ಉಳಿದಿರುತ್ತದೆ. ತುಂಗಭದ್ರೆಯ ದಂಡೆಯ ಹುಲಿಗಿಯನ್ನೇ ನೋಡಿ. ನಾಗಜೋಗಿ, ಬಸವಜೋಗಿ ಅಂತ ಇಬ್ಬರು ಭಕ್ತರು ಪ್ರತಿ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ದರ್ಶನಕ್ಕೆ ನಡೆದು ಹೋಗುತ್ತಿದ್ದರು. ಒಮ್ಮೆ ಮಳೆ, ಹೊಳೆ ಅಡ್ಡ ಬಂದು ಹೋಗಲು ಆಗಲಿಲ್ಲ. ಆಗ ತಾಯಿಯೇ ‘ನೀವು ಬರುವುದು ಬೇಡ, ನಾನೇ ನಿಮ್ಮೂರಿಗೆ ಬರುತ್ತೇನೆ’ ಅಂದಳು, ಅವಳೇ ಹುಲಿಗೆಮ್ಮ. ಇದನ್ನು ಶಾಸನದಿಂದ ಸಾಬೀತು ಮಾಡಲು ಹೊರಟರೆ ಆಗುವುದಿಲ್ಲ. ಆದರೆ ಹುಲಿಗಿಗೂ ಸವದತ್ತಿಗೂ ಜೋಗತಿಯರು, ಭಕ್ತರು ನಡೆದಾಡಿದ ಹಳೇ ನಂಟು ಆ ಕಥೆಯಲ್ಲಿ ಹಾಗೇ ಕುಳಿತಿದೆ. ಆನೆಗೊಂದಿ ಕಡೆ ಹೋದರೆ ಪಂಪಾ ಸರೋವರ, ಅಂಜನಾದ್ರಿ ಬೆಟ್ಟ, ಕಿಷ್ಕಿಂಧೆ ಅಂತ ಇಡೀ ಸೀಮೆಯೇ ಒಂದು ಕಥೆಯೊಳಗಿದೆ. ಹನುಮಂತ ಹುಟ್ಟಿದ್ದು ಇಲ್ಲೋ ತಿರುಮಲೆಯಲ್ಲೋ ಅಂತ 2021ರಲ್ಲಿ ದೊಡ್ಡ ಚರ್ಚೆಯೇ ಆಯಿತು. ಅಗೆದು ನೋಡಿ ತೀರ್ಪು ಹೇಳುವ ವಿಷಯ ಅದಲ್ಲ. ‘ಪಂಪೆ’ ಅನ್ನುವುದು ‘ಹಂಪೆ’ ಆದದ್ದು ಮಾತ್ರ ನಾವು ಗಟ್ಟಿಯಾಗಿ ಹೇಳಬಹುದಾದದ್ದು, ಹಳಗನ್ನಡದ ಪಕಾರ ಹಕಾರ ಆಗುತ್ತದೆ. ಪಾಲು ಹಾಲು ಆದ ಹಾಗೆ. ಆ ಊರಿನ ಹೆಸರಿನಲ್ಲೇ ದೇವಿ ಇದ್ದಾಳೆ.

ನಿಮ್ಮ ಏಳು ಅಕ್ಕತಂಗಿಯರ ಕಥೆಯಲ್ಲಿ ಕೆರೆ ಇದೆ, ಬರಗಾಲ ಇದೆ. ಕೆರೆಯ ತೂಬಿನ ಹತ್ತಿರ ಯಾವುದಾದರೂ ಕಲ್ಲಿಗೆ ಪೂಜೆ ನಡೆಯುತ್ತದೆಯೇ ನೋಡಿ. ಹೋರಾಡಿ ಸತ್ತವರ ವೀರಗಲ್ಲೋ ಸತಿ ಹೋದವರ ಮಾಸ್ತಿಗಲ್ಲೋ ಅಲ್ಲಿ ಇದ್ದರೆ ನನಗೆ ಆಶ್ಚರ್ಯ ಆಗುವುದಿಲ್ಲ. ಕೆರೆಗಾಗಿ ಸತ್ತ ಯಾರದೋ ನೆನಪು ಬಂದು ಈ ಏಳು ತಾಯಂದಿರ ಕಲ್ಲಿನ ಮೇಲೆ ಕುಳಿತಿರಬಹುದು. ಇದು ನನ್ನ ಊಹೆ. ಪುಸ್ತಕದಲ್ಲಿ ಹಾಕುವುದಾದರೆ ಊಹೆ ಅಂತಲೇ ಹಾಕಿ.

ಈಗ ನಿಧಿಯ ವಿಷಯ. ಇದನ್ನು ದಯವಿಟ್ಟು ಊರಲ್ಲಿ ಜೋರಾಗಿ ಹೇಳಿ. ಶಾಸನದಲ್ಲಿ ‘ನಿಧಿ ನಿಕ್ಷೇಪ’ ಅಂತ ಇದ್ದರೆ ಅಲ್ಲಿ ಹೊನ್ನು ಹೂತಿದ್ದಾರೆ ಅಂತ ಅರ್ಥ ಅಲ್ಲ. ಅದು ದಾನಪತ್ರದ ಕಾನೂನು ಭಾಷೆ. ಒಂದು ಹೊಲವನ್ನು ದೇವರಿಗೆ ಕೊಡುವಾಗ ಅದರ ಮೇಲಿನ ಹಕ್ಕುಗಳನ್ನೆಲ್ಲ ಹೆಸರು ಹಿಡಿದು ಬರೆಯುತ್ತಿದ್ದರು. ವಿಜಯನಗರದ ಕಾಲಕ್ಕೆ ಇದು ಎಂಟು ಹಕ್ಕುಗಳ ಪಟ್ಟಿಯೇ ಆಯಿತು: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಅಂದರೆ ಭೂಮಿಯೊಳಗೆ ಏನಾದರೂ ಸಿಕ್ಕರೆ ಅದು, ಅಲ್ಲಿನ ನೀರು, ಅಲ್ಲಿನ ಕಲ್ಲು, ಈಗ ಬರುವ ಹುಟ್ಟುವಳಿ, ಮುಂದೆ ಬರಬಹುದಾದದ್ದು, ಎಲ್ಲ ಪಡೆದವನಿಗೆ ಸೇರಿದ್ದು ಅಂತ. ನಿಮ್ಮ ಮನೆಯ ಟ್ರಂಕಿನಲ್ಲಿ ಹೊಲದ ಹಳೇ ಖರೀದಿ ಪತ್ರ ಇದ್ದರೆ ತೆಗೆದು ಓದಿ. ‘ಜಲ ತರು ಪಾಷಾಣ ನಿಧಿ ನಿಕ್ಷೇಪ’ ಅನ್ನುವ ಇದೇ ಮಾತು ಅದರಲ್ಲೂ ಇರಬಹುದು. ಹಾಗಂತ ನಿಮ್ಮ ಅಜ್ಜ ಹೊಲದಲ್ಲಿ ಕೊಪ್ಪರಿಗೆ ಹೂತಿದ್ದರಾ? ಕಮಿಟಿ ಸಭೆಗೆ ಆ ಪತ್ರವನ್ನೇ ತೆಗೆದುಕೊಂಡು ಹೋಗಿ. ನಾನು ಎಷ್ಟೋ ಊರಲ್ಲಿ ಹಾಗೆ ಮಾಡಿದ್ದೇನೆ, ಜನರಿಗೆ ತಕ್ಷಣ ಅರ್ಥವಾಗುತ್ತದೆ.

ನಿಧಿಯ ಆಸೆಗೆ ನಂದಿಯನ್ನು ಉರುಳಿಸಿದ, ಲಿಂಗ ಕಿತ್ತ ಗುಡಿಗಳನ್ನು ನಮ್ಮ ಮೂರು ಜಿಲ್ಲೆಗಳಲ್ಲೂ ನೋಡಿದ್ದೇನೆ. ಒಂದು ಕಾಸೂ ಸಿಗದೆ ಗುಡಿ ಮಾತ್ರ ಹಾಳಾಗಿರುತ್ತದೆ. ನಿಮ್ಮಲ್ಲಿ ಅಗೆದವರ ಬಗ್ಗೆ ಪೊಲೀಸ್ ಠಾಣೆಗೆ ಬರವಣಿಗೆಯಲ್ಲಿ ದೂರು ಕೊಡಿ, ತಹಶೀಲ್ದಾರರಿಗೆ ಒಂದು ಪ್ರತಿ ಕೊಡಿ. ಗುಂಡಿಯನ್ನು ಫೋಟೋ ತೆಗೆಯದೆ ಮುಚ್ಚಬೇಡಿ. ಕರ್ನಾಟಕದಲ್ಲಿ ಇದಕ್ಕೆ 1962ರ ನಿಧಿ ಕಾಯ್ದೆ ಇದೆ. ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಲೇಬೇಕು.

ಇನ್ನು ಪುಸ್ತಕ. ನಿಮ್ಮ ಮುಂದೆ ಮೂರು ದಾರಿ ಇವೆ. ಬರೀ ಸ್ಥಳಪುರಾಣ ಬರೆಯುವುದು ಒಂದು. ಕಮಿಟಿಗೆ ಖುಷಿ, ಬೇಗ ಮುಗಿಯುತ್ತದೆ. ಆದರೆ ಅದರಲ್ಲಿ ಅಪಾಯ ಇದೆ. ಬರೆಯುವಾಗ ಕಥೆಗೆ ಯಾರೋ ಒಂದು ವರ್ಷ ಸೇರಿಸುತ್ತಾರೆ, ಇನ್ನೊಬ್ಬರು ಒಬ್ಬ ರಾಜನನ್ನು ಸೇರಿಸುತ್ತಾರೆ, ಮುಂದಿನ ತಲೆಮಾರಿಗೆ ಅದೇ ಇತಿಹಾಸ. ಬರೀ ಶಾಸನ, ಶಿಲ್ಪದ ವಿವರ ಬರೆಯುವುದು ಇನ್ನೊಂದು. ಅದು ಸರಿಯಾಗಿರುತ್ತದೆ, ಆದರೆ ಊರಲ್ಲಿ ಯಾರೂ ಓದುವುದಿಲ್ಲ, ಅಜ್ಜಿಯ ಕಥೆ ಕಳೆದುಹೋಗುತ್ತದೆ. ನಾನು ಮೂರನೆಯದನ್ನೇ ಹೇಳುತ್ತೇನೆ. ಪುಸ್ತಕದಲ್ಲಿ ‘ಹಿರಿಯರು ಹೇಳುವುದು’ ಅಂತ ಒಂದು ಭಾಗ ಇರಲಿ. ಅಜ್ಜಿಯ ಮಾತನ್ನು ಅಜ್ಜಿಯ ಮಾತಿನಲ್ಲೇ, ನಿಮ್ಮೂರ ಭಾಷೆಯಲ್ಲೇ ಹಾಕಿ, ತಿದ್ದಬೇಡಿ. ‘ಕಲ್ಲು ಹೇಳುವುದು’ ಅಂತ ಇನ್ನೊಂದು ಭಾಗ. ಅದರಲ್ಲಿ ಓದಿದ ಸಾಲು, ಕಂಡ ಮೂರ್ತಿ ಮಾತ್ರ ಇರಲಿ. ಎರಡನ್ನೂ ಪಕ್ಕ ಪಕ್ಕ ಬಿಡಿ.

ಇದರಲ್ಲೂ ಒಂದು ತೊಂದರೆ ಬರಬಹುದು. ‘ಹಿರಿಯರು ಹೇಳುವುದು’ ಅಂತ ಹಾಕಿದ್ದಕ್ಕೇ ಕೆಲವರು ‘ಅಂದರೆ ನಮ್ಮದು ಕಟ್ಟುಕಥೆ ಅಂತೀಯಾ’ ಅಂತ ಕೇಳುತ್ತಾರೆ. ಅದಕ್ಕೇ ಆ ಭಾಗವನ್ನು ಮೊದಲು ಇಡಿ, ದೊಡ್ಡದಾಗಿ ಇಡಿ, ಹೇಳಿದವರ ಹೆಸರನ್ನು ಅವರ ಒಪ್ಪಿಗೆ ಕೇಳಿ ಹಾಕಿ. ಗೌರವ ಕಂಡರೆ ಜನ ಒಪ್ಪುತ್ತಾರೆ. ಮೂರ್ತಿ ಎಷ್ಟು ಹಳೆಯದು ಅಂತ ಬರೆಯಿರಿ, ಎಷ್ಟು ಬೆಲೆ ಬಾಳುತ್ತದೆ ಅಂತ ಎಲ್ಲೂ ಬರೆಯಬೇಡಿ. ಅದು ಕಳ್ಳರಿಗೆ ಕರೆದು ಹೇಳಿದಂತೆ.

ಗ್ರಾನೈಟ್ ಫಲಕ ಈಗ ಬೇಡ. ಶಾಸನದ ಪೂರ್ತಿ ಓದು ಇನ್ನೂ ಸಿಕ್ಕಿಲ್ಲ. ಒಮ್ಮೆ ಕೊರೆದರೆ ತಪ್ಪೂ ಕಲ್ಲಿನಷ್ಟೇ ಗಟ್ಟಿ ಆಗುತ್ತದೆ. ಸದ್ಯಕ್ಕೆ ಒಂದು ತಗಡಿನ ಬೋರ್ಡ್ ಸಾಕು, ತಿದ್ದಲು ಬರುತ್ತದೆ. ಅದನ್ನೂ ಗುಡಿಯ ಗೋಡೆಗೆ ಮೊಳೆ ಹೊಡೆದು ಹಾಕಬೇಡಿ.

ಬಣ್ಣದ ವಿಷಯದಲ್ಲಿ ನಾನು ಕೈಮುಗಿದು ಕೇಳುತ್ತೇನೆ, ನಿಲ್ಲಿಸಿ. ಎಣ್ಣೆ ಬಣ್ಣ ಹೊಡೆದ ಕಲ್ಲಿಗೆ ಉಸಿರಾಟ ಇಲ್ಲ. ಒಳಗಿನ ತೇವ ಹೊರಗೆ ಬರಲಾಗದೆ ಮೇಲಿನ ಪದರವನ್ನೇ ಎಬ್ಬಿಸುತ್ತದೆ, ಕೆಲವು ವರ್ಷಗಳಲ್ಲಿ ಬಣ್ಣದ ಜೊತೆ ಕೆತ್ತನೆಯೂ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಬಣ್ಣ ಹೊಡೆದದ್ದನ್ನು ತೆಗೆಯಲು ಮರಳು ಊದುವ ಮಿಷನ್ ತರಿಸುತ್ತಾರೆ. ಅದು ಇನ್ನೂ ಕೆಟ್ಟದ್ದು. ಒಂದು ಊರಲ್ಲಿ ನಾನು ಮೊದಲ ಸಲ ಹೋದಾಗ ಸಾಲುಸಾಲಾಗಿ ಓದಿದ ಶಾಸನ, ಎರಡನೇ ಸಲ ಹೋದಾಗ ನುಣ್ಣಗೆ ಹೊಸ ಕಲ್ಲಿನ ಹಾಗೆ ಹೊಳೆಯುತ್ತಿತ್ತು. ಒಂದು ಅಕ್ಷರ ಉಳಿದಿರಲಿಲ್ಲ. ಊರವರು ಭಕ್ತಿಯಿಂದ ವಂತಿಗೆ ಎತ್ತಿ ಮಾಡಿಸಿದ ಕೆಲಸ ಅದು. ಆ್ಯಸಿಡ್ ಹಾಕಿ ತೊಳೆಯುವುದು, ಬಿರುಕಿಗೆ ಸಿಮೆಂಟ್ ತುಂಬುವುದು, ನೆಲಕ್ಕೆ ಟೈಲ್ಸ್ ಹಾಕಿಸುವುದು, ಇವೂ ಬೇಡ. ಸಿಮೆಂಟಿನ ಉಪ್ಪು ಕಲ್ಲನ್ನು ತಿನ್ನುತ್ತದೆ. ಹಳೇ ದತ್ತಿ ಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ’ ಅಂತ ಹೊಲ ಬಿಟ್ಟಿರುತ್ತಾರೆ. ಒಡೆದದ್ದು, ಬಿರುಕು ಬಿಟ್ಟದ್ದು ಸರಿಮಾಡಲು ಅಂತ ಅದರ ಅರ್ಥ. ಕಟ್ಟಿಸಿದವರು ಕೇಳಿದ್ದು ಅಷ್ಟನ್ನೇ. ಕಮಿಟಿಯ ಹತ್ತಿರ ದುಡ್ಡಿದ್ದರೆ ಮಾಳಿಗೆ ಸೋರದ ಹಾಗೆ ಮಾಡಲು, ಗೋಡೆಯಲ್ಲಿ ಬೇರು ಬಿಟ್ಟ ಗಿಡ ತೆಗೆಸಲು, ಮಳೆನೀರು ಬುನಾದಿಗೆ ನಿಲ್ಲದ ಹಾಗೆ ಕಾಲುವೆ ಮಾಡಲು ಖರ್ಚು ಮಾಡಲಿ. ಗಿಡವನ್ನೂ ಜಗ್ಗಿ ಕೀಳಬಾರದು, ಕಲ್ಲೇ ಕಿತ್ತು ಬರುತ್ತದೆ. ಈ ಕೆಲಸಕ್ಕೂ ಪುರಾತತ್ವ ಇಲಾಖೆಯ ಎಂಜಿನಿಯರ್‌ರನ್ನು ಕರೆಸಿ ಕೇಳಿ.

ಅದಕ್ಕೂ ಮೊದಲು ಗುಡಿ ಯಾರ ಕೈಯಲ್ಲಿದೆ ಅಂತ ತಿಳಿದುಕೊಳ್ಳಿ. ಕೇಂದ್ರ ಇಲಾಖೆಯ ರಕ್ಷಣೆಯಲ್ಲಿದ್ದರೆ 1958ರ ಕಾಯ್ದೆ ನಡೆಯುತ್ತದೆ, ಅನುಮತಿ ಇಲ್ಲದೆ ಏನೂ ಮಾಡುವಂತಿಲ್ಲ, ನೂರು ಮೀಟರ್ ಒಳಗೆ ಹೊಸ ಕಟ್ಟಡವೂ ಇಲ್ಲ. ರಾಜ್ಯದ ರಕ್ಷಣೆಯಲ್ಲಿದ್ದರೆ 1961ರ ಕಾಯ್ದೆ. ಮುಜರಾಯಿ ಗುಡಿಯಾದರೆ ತಹಶೀಲ್ದಾರರ ಕಚೇರಿಯಲ್ಲಿ ದಾಖಲೆ ಇರುತ್ತದೆ. ಯಾವುದೂ ಅಲ್ಲದಿದ್ದರೆ ಜವಾಬ್ದಾರಿ ಪೂರ್ತಿ ಊರಿನದು.

ಶಾಸನ ಓದಿಸುವುದು ಕಷ್ಟದ ಕೆಲಸ ಅಲ್ಲ. ನಿಜಾಮರ ಕಾಲದಲ್ಲೇ ಹೈದರಾಬಾದಿನ ಪುರಾತತ್ವ ಇಲಾಖೆ ಕೊಪ್ಪಳ ಸೀಮೆಯ ಶಾಸನಗಳನ್ನು ಪ್ರಕಟಿಸಿದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಜಿಲ್ಲಾವಾರು ಶಾಸನ ಸಂಪುಟಗಳನ್ನು ತಂದಿದೆ. ನಿಮ್ಮೂರ ಹೆಸರು ಅದರಲ್ಲಿದೆಯೇ ಅಂತ ಮೊದಲು ನೋಡಿ, ಎಷ್ಟೋ ಸಲ ಊರವರಿಗೆ ಗೊತ್ತಿಲ್ಲದೆ ಶಾಸನ ಎಂದೋ ಅಚ್ಚಾಗಿರುತ್ತದೆ. ಇಲ್ಲದಿದ್ದರೆ ವಿಶ್ವವಿದ್ಯಾಲಯಕ್ಕೆ, ಇಲ್ಲವೇ ಮೈಸೂರಿನಲ್ಲಿರುವ ಕೇಂದ್ರದ ಶಾಸನ ವಿಭಾಗಕ್ಕೆ ಪತ್ರ ಬರೆಯಿರಿ. ಅವರು ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಬಡಿದು, ಶಾಯಿ ಹಚ್ಚಿ ಪಡಿಯಚ್ಚು ತೆಗೆಯುತ್ತಾರೆ. ಕಲ್ಲಿಗೆ ಏನೂ ಆಗುವುದಿಲ್ಲ.

ಈ ವಾರ ನೀವು ಎರಡು ಕೆಲಸ ಮಾಡಿ. ಕತ್ತಲಾದ ಮೇಲೆ ಇಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಟಾರ್ಚನ್ನು ಕಲ್ಲಿನ ಪಕ್ಕದಿಂದ ಓರೆಯಾಗಿ ಹಿಡಿದು ಶಾಸನದ ಫೋಟೋ ತೆಗೆಯಿರಿ. ಎದುರಿನಿಂದ ಫ್ಲ್ಯಾಶ್ ಹಾಕಿದರೆ ಅಕ್ಷರ ಕಾಣುವುದಿಲ್ಲ. ಸುಣ್ಣ ಕೆರೆಯಬೇಡಿ, ಸೀಮೆಸುಣ್ಣ ತುಂಬಬೇಡಿ. ಕೆಳಗಿನ ಹತ್ತು ಸಾಲು ನೆಲದೊಳಗೆ ಹೋಗಿರುವ ಹಾಗಿದೆ, ಅದನ್ನು ಅಗೆಯುವುದು ಇಲಾಖೆಯವರಿಗೇ ಬಿಡಿ. ಇನ್ನೊಂದು, ಅಜ್ಜಿ ಊಟ ಮಾಡಿ ಆರಾಮಾಗಿ ಕೂತಾಗ ಮೊಬೈಲಿನಲ್ಲಿ ರೆಕಾರ್ಡ್ ಹಾಕಿ, ಕಥೆಯನ್ನು ಮೊದಲಿಂದ ಹೇಳಿಸಿ. ನಡುವೆ ಮಾತಾಡಬೇಡಿ. ಮುಗಿದ ಮೇಲೆ ಎರಡೇ ಪ್ರಶ್ನೆ ಕೇಳಿ: ಏಳು ಅಕ್ಕತಂಗಿಯರು ಯಾವ ಊರಿನಿಂದ ಬಂದವರು? ಕೆರೆಯ ಯಾವ ಮೂಲೆಯಲ್ಲಿ ಬಿದ್ದರು? ಅವಳು ಹೇಳಿದ ಜಾಗದ ಫೋಟೋವನ್ನೂ ಶಾಸನದ ಫೋಟೋ ಜೊತೆ ನನಗೆ ಕಳಿಸಿ.